ಅರಿಶಿನ, ಮೇದಸ್ಸು, ಸುಣ್ಣ

ಸಂಕ್ರಾಂತಿ ಕಳೆದು ಶಿವರಾತ್ರಿ ಇನ್ನೂ ಬಾರದಿರುವ ನಡುವಣ ವಾರಗಳಲ್ಲಿ ಚಾಮರಾಜನಗರದಿಂದ ಹರದನಹಳ್ಳಿಯ ಕಡೆಗೆ ಹೋಗುವವನಿಗೆ, ದಿವ್ಯಲಿಂಗೇಶ್ವರನ ಗುಡಿ ಕಣ್ಣಿಗೆ ಬೀಳುವುದಕ್ಕಿಂತ ಮುಂಚೆಯೇ, ಹೊಲದ ಬದುವಿನಲ್ಲಿ ಕೊಪ್ಪರಿಗೆಯೊಳಗೆ ಕುದಿಯುತ್ತಿರುವ ಅರಿಶಿನದ ಹಸಿಗಂಪು ಎದುರಾಗುತ್ತದೆ. ಎಂಟೊಂಬತ್ತು ತಿಂಗಳು ನೆಲದೊಳಗಿದ್ದ ಗೆಡ್ಡೆಯನ್ನು ಅಗೆದು, ತಾಯಿಗಟ್ಟೆಯನ್ನೂ ಕೊಂಬನ್ನೂ ಬೇರೆಮಾಡಿ, ಬೇಯಿಸಿ, ಕಣದಲ್ಲಿ ಹತ್ತು ಹದಿನೈದು ದಿನ ಬಿಸಿಲಿಗೆ ಹರವಿ, ಪೀಪಾಯಿಯಲ್ಲಿ ಉರುಳಿಸಿ ಹೊಳಪೇರಿಸಿದ ಮೇಲೆ, ಅದು ಮೂಟೆಯಾಗಿ ದಿಂಬಂ ಘಟ್ಟವಿಳಿದು ಈರೋಡಿನ ಮಾರುಕಟ್ಟೆಯನ್ನು ಸೇರುವುದು ಈ ಸೀಮೆಯ ವಾಡಿಕೆ. ಹರದನೆಂದರೆ ಹಳಗನ್ನಡದಲ್ಲಿ ವರ್ತಕ. ತೋಂಟದ ಸಿದ್ಧಲಿಂಗ ಯತಿಗಳ ಊರೆಂದು ಶರಣರ ನಾಡೆಲ್ಲ ಬಲ್ಲ ಈ ಗ್ರಾಮದ ಹೆಸರಿನೊಳಗೆ ಆ ವರ್ತಕನ ಸದ್ದು ಇಂದಿಗೂ ಕೇಳಿಸುತ್ತದೆ.

ಕಣದಂಚಿನಲ್ಲಿ ಕುಳಿತೆದ್ದ ನನ್ನ ಪಂಚೆಗೆ ಅಂಟಿದ ಹಳದಿಯನ್ನು ಅಂದು ಸಂಜೆ ಸಾಬೂನಿನಿಂದ ಉಜ್ಜಿದಾಗ ಅದು ನೆತ್ತರಿನಂತೆ ಕೆಂಪಾಯಿತು. ಇದರಲ್ಲಿ ಅದ್ಭುತವೇನೂ ಇಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ, ಓಕುಳಿ ಮಾಡಿ, ಮದುಮಕ್ಕಳಿಗೆ ನಿವಾಳಿಸಿದ ಯಾವ ಗೃಹಿಣಿಗೂ ಈ ವರ್ಣವಿಕಾರ ಹೊಸತಲ್ಲ. ಕೇಳಿದರೆ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು ಎಂದುಬಿಡುತ್ತಾಳೆ. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿ, ಸುಣ್ಣದೊಳಗಿರುವ ಕ್ಯಾಲ್ಸಿಯಂ ಎಂಬ ಧಾತುವಿಗೂ ಅರಿಶಿನಕ್ಕೂ ಏನೋ ಗೂಢವಾದ ಮೈತ್ರಿಯಿದೆಯೆಂದು ಯಾರಾದರೂ ಶಾಸ್ತ್ರ ಕಟ್ಟಿದರೆ ಅವರು ಮೋಸಹೋದಂತೆ. ಕೆಂಪು ಬರಿಸಿದ್ದು ಸುಣ್ಣದ ಕ್ಷಾರಗುಣವೇ ಹೊರತು ಅದರ ಕ್ಯಾಲ್ಸಿಯಂ ಅಲ್ಲ. ಆ ಧಾತುವಿನ ನೆರವೇ ಬೇಡದ ಸಾಬೂನು ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ. ಕಾರ್ಯವು ಕಣ್ಣಿಗೆ ಕಂಡಿತೆಂದ ಮಾತ್ರಕ್ಕೆ ಕಾರಣವೂ ಕೈಗೆ ಸಿಕ್ಕಿತೆಂದು ಭಾವಿಸುವ ಈ ಪ್ರಮಾದವು ಓಕುಳಿಯ ತಟ್ಟೆಯಲ್ಲಿ ನಿರಪಾಯಕರ. ಔಷಧದ ಸೀಸೆಯಲ್ಲಿ ಹಾಗಲ್ಲ.

ಇಂದು ಅಂಗಡಿಗಳಲ್ಲಿ ಅರಿಶಿನದ ಸಾರವೆಂದು ಮಾರಾಟವಾಗುವ ಗುಳಿಗೆಗಳ ಮೇಲೆ, ವಾರಪತ್ರಿಕೆಗಳ ಆರೋಗ್ಯದ ಪುಟಗಳಲ್ಲಿ, ಮದುವೆಮನೆಯ ಪಂಕ್ತಿಯ ಹರಟೆಯಲ್ಲಿ ಸಹ, ಕರ್ಕ್ಯುಮಿನ್ ಎಂಬ ಅದರ ಹಳದಿದ್ರವ್ಯವು ರಕ್ತನಾಳಗಳನ್ನು ಸಡಿಲಿಸುತ್ತದೆ, ಉಸಿರ್ಗೊಳವೆಯ ಬಿಗಿತವನ್ನು ತೆಗೆಯುತ್ತದೆ, ಹೊಟ್ಟೆಯ ನುಲಿತವನ್ನು ನಿಲ್ಲಿಸುತ್ತದೆ ಎಂಬ ಪ್ರಶಂಸೆಯನ್ನು ಕೇಳುತ್ತೇವೆ. ಈ ಮೂರು ಅವಯವಗಳಿಗೂ ಸಮಾನವಾದದ್ದು ನುಣುಪು ಸ್ನಾಯು, ಶಾಲೆಯ ಪುಸ್ತಕಗಳು ಅನೈಚ್ಛಿಕವೆಂದು ಕರೆಯುವ, ನಮ್ಮ ಅಪ್ಪಣೆಗೆ ಕಾಯದೆ ದುಡಿಯುವ ಸ್ನಾಯು. ಅದರ ಬಿಗಿತ ಸಡಿಲಿಕೆಗಳ ಕೀಲಿ ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ಸಂಚರಿಸುವುದು ಕೋಶದ ಮೇದಸ್ಸಿನ, ಎಂದರೆ ಕೊಬ್ಬಿನ, ಪೊರೆಗಳ ಮೂಲಕ. ಆದುದರಿಂದ ಅರಿಶಿನದ ಪ್ರಶಂಸೆಯನ್ನು ತೂಗಿ ನೋಡಬೇಕೆಂಬವನು ಮೊದಲು ಪೊರೆಯ ಮೇದಸ್ಸು ಕ್ಯಾಲ್ಸಿಯಮ್ಮಿನ ಸಾಗಣೆಯನ್ನು ಹೇಗೆ ತಿದ್ದುತ್ತದೆಂಬ ಶಾಸ್ತ್ರವನ್ನೇ ತೂಗಬೇಕಾಗುತ್ತದೆ. ಆ ಶಾಸ್ತ್ರದಲ್ಲಿಯೂ ಓಕುಳಿಯ ಪ್ರಮಾದಗಳು ಇಲ್ಲದಿಲ್ಲವೆಂಬುದು ನನ್ನ ಅಭಿಪ್ರಾಯ.

ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯನು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಸುತ್ತಿದ್ದ ಕಾಲದಲ್ಲಿ, ಭಟ್ಟಿಯ ನೀರಿಗೆ ಬದಲಾಗಿ ನಲ್ಲಿಯ ನೀರನ್ನು ಬಳಸಲಾಗಿತ್ತೆಂಬುದು ಬಯಲಾಗಿ, 1883ರಲ್ಲಿ ಆತನು ತನ್ನ ಹಿಂದಿನ ತೀರ್ಮಾನವನ್ನು ತಾನೇ ಹಿಂತೆಗೆದುಕೊಂಡು, ಹೃದಯವನ್ನು ಮಿಡಿಸಿದ್ದು ನಲ್ಲಿಯ ನೀರಿನಲ್ಲಿದ್ದ ಸುಣ್ಣಾಂಶವೆಂದು ಬರೆದನು. ಕ್ಯಾಲ್ಸಿಯಮ್ಮಿನ ಮಹಿಮೆ ಲೋಕಕ್ಕೆ ತಿಳಿದದ್ದು ಹೀಗೆ, ಕಾರಣವನ್ನು ತಪ್ಪಾಗಿ ಆರೋಪಿಸಿದವನು ತನ್ನ ತಪ್ಪನ್ನು ಒಪ್ಪಿಕೊಂಡ ಸಂದರ್ಭದಲ್ಲಿ.

ನುಣುಪು ಸ್ನಾಯುವಿನ ಕೋಶವು ವಿಶ್ರಾಂತಿಯಲ್ಲಿರುವಾಗ ಅದರೊಳಗಿನ ಕ್ಯಾಲ್ಸಿಯಮ್ಮಿನ ಸಾಂದ್ರತೆ ಹೊರಗಿನದರ ಸುಮಾರು ಹತ್ತುಸಾವಿರದಲ್ಲಿ ಒಂದು ಪಾಲು. ಹೊರಗೆ ಏರಿ, ಒಳಗೆ ಪಾತಾಳ. ನಡುವೆ ಎರಡು ಪದರ ಮೇದಸ್ಸಿನ ತೆಳುವಾದ ಕಟ್ಟೆ. ಪೊರೆಯಲ್ಲಿನ ತೂಬುಗಳು ತೆರೆದಾಗ ಹೊರಗಿನಿಂದಲೂ, ಕೋಶದೊಳಗಿನ ಜಾಲಕವೆಂಬ ಸಂಚಿತಾಗಾರದಿಂದಲೂ ಕ್ಯಾಲ್ಸಿಯಂ ಧುಮುಕಿ ಬಂದು, ಕ್ಯಾಲ್‌ಮೊಡುಲಿನ್ ಎಂಬ ಪ್ರೋಟೀನನ್ನು ಕೂಡಿ, ಸ್ನಾಯುವನ್ನು ಬಿಗಿಯಿಸುತ್ತದೆ. ಬಿಗಿದದ್ದು ಸಡಿಲಬೇಕಾದರೆ ಬಂದದ್ದನ್ನು ಮರಳಿ ಮೇಲಕ್ಕೆತ್ತಬೇಕು. ಈ ಎತ್ತುವ ಯಂತ್ರಗಳನ್ನು ಶಾಸ್ತ್ರಜ್ಞರು ಪಂಪುಗಳೆನ್ನುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಗಳಂಥ ಒಣಸೀಮೆಯವರಿಗೆ ಕಪಿಲೆಯೆಂದರೆ ಹೆಚ್ಚು ಹೊಂದೀತು. ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆ ಹಾಕಿದಂತೆಲ್ಲ ಬಾವಿಯ ತಳದಿಂದ ತೊಗಲ ಬಾನಿ ಮೇಲೇರುವಂತೆ, ಎಟಿಪಿ ಎಂಬ ಇಂಧನದ ಒಂದೊಂದು ಅಣು ಒಡೆದಾಗಲೂ ಜಾಲಕದ ಪಂಪು ಎರಡೆರಡು ಕ್ಯಾಲ್ಸಿಯಂ ಕಣಗಳನ್ನು ಏರಿಗೆ ಎತ್ತಿಹಾಕುತ್ತದೆ. ಕಪಿಲೆಯ ಗುಣವನ್ನು ಹೊಗಳುವವರು ಎತ್ತನ್ನು ನೋಡುತ್ತಾರೆ, ಹಗ್ಗವನ್ನು ನೋಡುತ್ತಾರೆ. ಎತ್ತು ನಡೆಯುವ ನೆಲವನ್ನು ನೋಡುವವರು ಕಡಮೆ. ಆ ನೆಲವೇ ಮೇದಸ್ಸು.

ನೆಲವನ್ನು ನೋಡಬೇಕೆಂಬ ಬುದ್ಧಿ ಶಾಸ್ತ್ರಕ್ಕೆ ಬಂದದ್ದು ಈಚೆಗೆ. 1974ರಲ್ಲಿ ವಾರೆನ್, ಲೀ, ಮೆಟ್‌ಕಾಫ್ ಮೊದಲಾದ ಆಂಗ್ಲ ವಿದ್ವಾಂಸರು ಮೊಲದ ಸ್ನಾಯುವಿನಿಂದ ಕ್ಯಾಲ್ಸಿಯಂ ಪಂಪನ್ನು ಬೇರ್ಪಡಿಸಿ, ಅದರ ಮೈಗಂಟಿದ ಸ್ವಂತ ಮೇದಸ್ಸನ್ನು ತೊಳೆದು, ತಮಗೆ ಬೇಕಾದ ಮೇದಸ್ಸನ್ನು ಅದಕ್ಕೆ ತೊಡಿಸಿ, ಅದು ಮತ್ತೆ ದುಡಿಯುವಂತೆ ಮಾಡಿ ತೋರಿಸಿದರು. ಪಂಪೊಂದಕ್ಕೆ ಸುಮಾರು ಮೂವತ್ತು ಮೇದೋಣುಗಳ ಸುತ್ತುವರಿ ಬೇಕು, ಅದಕ್ಕಿಂತ ಕಡಮೆಯಾದರೆ ಅದು ಬೀಳುಬೀಳುತ್ತದೆ ಎಂಬುದು ಅವರ ಎಣಿಕೆ. ಮರುವರ್ಷ ಅದೇ ಗುಂಪಿನವರು, ಕೊಲೆಸ್ಟರಾಲನ್ನು ಈ ಸುತ್ತುವರಿಯೊಳಗೆ ಬರಗೊಡುವುದಿಲ್ಲವೆಂದು ಸಾರಿದರು. ಅಚ್ಚುಕಟ್ಟಾದ, ಕಣ್ಣಿಗೆ ಕಟ್ಟುವ ಚಿತ್ರ: ರಾಜನ ಸುತ್ತ ಮೂವತ್ತು ಮಂದಿ ಅಂಗರಕ್ಷಕರು, ಹೊರಗೆ ನಿಂತ ಪರಕೀಯ. ಆದರೆ 1979ರಲ್ಲಿ ಮ್ಯಾಡನ್, ಚಾಪ್ಮನ್, ಕ್ವಿನ್ ಎಂಬ ಮೂವರು, ಕೊಲೆಸ್ಟರಾಲಿನ ಪ್ರಮಾಣ ಬದಲಾದಂತೆ ಅದೇ ಪಂಪಿನ ದುಡಿಮೆಯೂ ಬದಲಾಗುತ್ತದೆಂದು ಪ್ರಕಟಿಸಿದರು. ಮುಂದೆ ಆ ಅಂಗರಕ್ಷಕರು ನಿಂತಲ್ಲಿ ನಿಲ್ಲುವವರೇ ಅಲ್ಲ, ಕ್ಷಣಕ್ಕೆ ಕೋಟಿ ಸಲ ಜಾಗ ಬದಲಿಸುವ ಸಂತೆಯ ಜನವೆಂಬುದೂ ಗೊತ್ತಾಯಿತು. ಮೂಲ ಪ್ರಯೋಗದ ಘನತೆಗೆ ಇದರಿಂದ ಕುಂದಿಲ್ಲ. ನೆಲವನ್ನೇ ಬದಲಿಸಿ ಎತ್ತನ್ನು ಪರೀಕ್ಷಿಸಬಹುದೆಂಬ ಉಪಾಯವೇ ಅದರ ನಿಜವಾದ ಕೊಡುಗೆ, ಚಿತ್ರವು ಅದಕ್ಕೆ ಹೊದಿಸಿದ ಜರತಾರಿ.

ನನ್ನ ಮೊದಲನೆಯ ಆಕ್ಷೇಪಣೆ ಬೇರೆಯದು. ಈ ವಾದ ಪ್ರತಿವಾದಗಳೆಲ್ಲ ನಡೆದದ್ದು ಮೊಲದ ಅಸ್ಥಿಸ್ನಾಯುವಿನ ಪಂಪಿನ ಮೇಲೆ. ಅದು ಹೇರಳವಾಗಿ ಸಿಗುತ್ತದೆ, ಶುದ್ಧಮಾಡಲು ಸುಲಭ. ಆದುದರಿಂದ ಅದು ಎಲ್ಲ ಪಂಪುಗಳ ಪ್ರತಿನಿಧಿಯಾಗಿಬಿಟ್ಟಿತು. ನುಣುಪು ಸ್ನಾಯುವಿನಲ್ಲಿ ಮುಖ್ಯವಾಗಿ ಇರುವುದು ಅದರ ದಾಯಾದಿಯಾದ ಇನ್ನೊಂದು ರೂಪ, ಪೊರೆಯನ್ನು ಒಂದು ಸಲ ಹೆಚ್ಚಾಗಿಯೇ ಹೊಕ್ಕು ಹೊರಟಿರುವ, ಬಾಲ ಉದ್ದವಾದ ರೂಪ. ಮೇದಸ್ಸಿನಲ್ಲಿ ಹೆಚ್ಚು ಮುಳುಗಿರುವ ಪಂಪು ಮೇದಸ್ಸಿಗೆ ಬೇರೆ ರೀತಿಯಲ್ಲಿ ಓಗೊಡಲಾರದೇ? ಹಳ್ಳಿಕಾರ್ ಎತ್ತನ್ನು ಪರೀಕ್ಷಿಸಿ ಎಮ್ಮೆಗೆ ಪ್ರಮಾಣಪತ್ರ ಕೊಡುವುದು ಉಚಿತವಲ್ಲ.

ನುಣುಪು ಸ್ನಾಯುವನ್ನೇ ಕೈಗೆತ್ತಿಕೊಂಡವರಲ್ಲಿ ಬೆಲ್ಜಿಯಮ್ಮಿನ ಲೂವೆನ್ ನಗರದ ಮಿಸಿಯಾನ್, ರೇಮೇಕರ್ಸ್, ವೈಟಾಕ್, ಕಾಸ್ಟೀಲ್ಸ್ ಇವರ ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹಂದಿಯ ಜಠರದ ಸ್ನಾಯುವಿನಿಂದ, ಜಾಲಕದ್ದಲ್ಲದ, ಕೋಶದ ಹೊರಪೊರೆಯಲ್ಲಿರುವ ಪಂಪನ್ನು ತೆಗೆದು, ಅದು ಋಣವಿದ್ಯುತ್ತನ್ನು ಹೊತ್ತ ಮೇದಸ್ಸುಗಳಿಂದ, ಅದರಲ್ಲಿಯೂ ಇನಾಸಿಟಾಲ್ ಎಂಬ ಸಕ್ಕರೆಯಂಥ ತಲೆಯನ್ನೂ ಅದಕ್ಕಂಟಿದ ಫಾಸ್ಫೇಟುಗಳನ್ನೂ ಧರಿಸಿದ ವಿರಳ ಮೇದಸ್ಸಿನಿಂದ, ಚುರುಕಾಗುತ್ತದೆಂದು ಅವರು 1980ರ ದಶಕದಲ್ಲಿ ತೋರಿಸಿದರು. ಕೆಂಪು ರಕ್ತಕಣದ ಪಂಪಿನ ವಿಷಯದಲ್ಲಿ ನಿಗ್ಲಿ, ಕರಾಫೊಲಿ ಮೊದಲಾದವರು 1981ರಲ್ಲಿ ಆಮ್ಲೀಯ ಮೇದಸ್ಸುಗಳ ಬಗ್ಗೆ ಇದೇ ಬಗೆಯ ಮಾತನ್ನು ಹೇಳಿದ್ದರು. ಆದರೆ ಲೂವೆನ್ನಿನವರ ವಾದಕ್ಕೆ ಇನ್ನೊಂದು ಸೊಗಸಿದೆ. ನಾಳವನ್ನು ಬಿಗಿಯಿಸುವ ಸಂದೇಶ ಬಂದಾಗ ಕೋಶವು ಒಡೆಯುವುದು ಆ ವಿರಳ ಮೇದಸ್ಸನ್ನೇ. ಒಡೆದ ಒಂದು ಚೂರು ಜಾಲಕದ ತೂಬನ್ನು ತೆರೆಸಿ ಕ್ಯಾಲ್ಸಿಯಮ್ಮನ್ನು ಹೊರಬಿಡಿಸುತ್ತದೆಂದು 1983ರಲ್ಲಿ ಬೆರಿಜ್ ಮತ್ತು ಆತನ ಸಂಗಡಿಗರು ಕಂಡುಕೊಂಡರು. ಹಾಗಾದರೆ ಒಂದೇ ಏಟಿಗೆ ಎರಡು ಕಾರ್ಯ: ತೂಬು ತೆರೆಯಿತು; ಪಂಪಿನ ಕಾಲಡಿಯ ನೆಲ ಕಡಮೆಯಾಗಿ ಎತ್ತುವ ಕೆಲಸವೂ ನಿಧಾನವಾಯಿತು. ಎರಡೂ ಒಂದೇ ದಿಕ್ಕಿಗೆ, ಬಿಗಿತದ ದಿಕ್ಕಿಗೆ. ಇಲ್ಲಿ ಮೇದಸ್ಸು ಕೇವಲ ನೆಲವಲ್ಲ. ಹೆಸರುಳ್ಳ, ಆಕಾರವುಳ್ಳ, ಪಂಪಿನ ಇಂಥ ಜಾಗವನ್ನೇ ಹಿಡಿಯುವ ಸಂಗಾತಿ. ಪಂಪಿನ ಮೈಯಲ್ಲಿರುವ ಅರ್ಜಿನೀನ್ ಎಂಬ ಧನಾತ್ಮಕ ಘಟಕಗಳನ್ನು ಮರೆಮಾಡಿದರೆ ಈ ಸಂಗ ಏನಾಗುತ್ತದೆಂದು ಪರೀಕ್ಷಿಸುವ ಎಚ್ಚರವನ್ನೂ ಅವರು ತೋರಿದ್ದರು. ಕಾರಣವನ್ನು ಹೆಸರಿಸುವುದೆಂದರೆ ಹೀಗೆ.

ಇದಕ್ಕೆ ಹೋಲಿಸಿದರೆ ಕೊಲೆಸ್ಟರಾಲಿನ ಸಾಹಿತ್ಯ ವಿಪುಲ, ಆದರೆ ಜಾಳು. 1991ರಲ್ಲಿ ಗ್ಲೀಸನ್, ಮೆಡೊ, ಟುಲೆಂಕೊ ಎಂಬವರು ಅಪಧಮನಿಯ ಸ್ನಾಯುಕೋಶಗಳಿಗೆ ಕೊಲೆಸ್ಟರಾಲ್ ತುಂಬಿದ ಸೂಕ್ಷ್ಮ ಗುಳ್ಳೆಗಳನ್ನು ಉಣಿಸಿ, ಪೊರೆಯಲ್ಲಿ ಅದು ಹೆಚ್ಚಾದಂತೆ ಒಳಗಿನ ಕ್ಯಾಲ್ಸಿಯಮ್ಮೂ ಹೆಚ್ಚುತ್ತದೆ, ಪೊರೆಯ ಹರಿವು, ಎಂದರೆ ಅದರ ಮೇದಸ್ಸು ಸರಾಗವಾಗಿ ಜರುಗುವ ಗುಣ, ಕುಗ್ಗುತ್ತದೆ ಎಂದು ವರದಿಮಾಡಿದರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಅಮೂಲ್ಯ. ರಕ್ತದಲ್ಲಿ ಕೊಬ್ಬೇರಿದವನ ನಾಳಗಳು ಸುಮ್ಮನೆ ಕಟ್ಟಿಕೊಳ್ಳುವುದಲ್ಲದೆ ತಾವಾಗಿ ಬಿಗಿಯುವ ಸ್ವಭಾವವನ್ನೂ ಪಡೆಯಬಹುದೆಂಬ ಸೂಚನೆ ಇದರಲ್ಲಿದೆ. ಆದರೆ ಹರಿವು ಕುಗ್ಗಿತು, ಆದುದರಿಂದ ಕ್ಯಾಲ್ಸಿಯಂ ಹೆಚ್ಚಿತು ಎಂಬ ಕೊಂಡಿಯನ್ನು ಅನಂತರದ ಅನೇಕ ಲೇಖಕರು ಹಾಕಿದ ಸರಾಗವನ್ನು ಕಂಡರೆ ನನಗೆ ಓಕುಳಿಯ ತಟ್ಟೆ ನೆನಪಾಗುತ್ತದೆ. ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿದಾಗ ಹರಿವೊಂದೇ ಬದಲಾಗುವುದಿಲ್ಲ: ದಪ್ಪ ಬದಲಾಗುತ್ತದೆ, ಬಾಗುವ ಗುಣ ಬದಲಾಗುತ್ತದೆ, ತೂಬುಗಳ ನೆರೆಹೊರೆ ಬದಲಾಗುತ್ತದೆ. ಹರಿವೆಂಬುದು ಅಳೆಯಲು ಸಾಧನವಿದ್ದ ಗುಣ. ಸಾಧನವಿದ್ದುದರಿಂದ ಅದೇ ಕಾರಣವಾಯಿತು. ದೀಪವಿರುವ ಕಂಬದ ಕೆಳಗೇ ಕಳೆದ ನಾಣ್ಯವನ್ನು ಹುಡುಕಿದ ಹಾಗೆ.

ಕೊಲೆಸ್ಟರಾಲನ್ನು ತೆಗೆದು ನೋಡಿದ ಪ್ರಯೋಗಗಳು ಈ ಸರಳತೆಯನ್ನು ಇನ್ನಷ್ಟು ಕದಡುತ್ತವೆ. ನುಣುಪು ಸ್ನಾಯುವಿನ ಪೊರೆಯ ತುಂಬ ಕೊಲೆಸ್ಟರಾಲಿನಿಂದ ಕಟ್ಟಿದ ಸಣ್ಣ ಸಣ್ಣ ಗೂಡುಗಳಿವೆ. ಹೊರಪೊರೆಯ ಕ್ಯಾಲ್ಸಿಯಂ ಪಂಪುಗಳೂ ಅನೇಕ ಸಂದೇಶಗ್ರಾಹಕಗಳೂ ಅಲ್ಲಿ ಬೀಡುಬಿಟ್ಟಿವೆ. ಸ್ವೀಡನ್ನಿನ ಲುಂಡ್ ನಗರದ ಶೋಧಕರು 2002ರಲ್ಲಿ ಅಪಧಮನಿಯಿಂದ ಕೊಲೆಸ್ಟರಾಲನ್ನು ಹೀರಿ ತೆಗೆದಾಗ ಗೂಡುಗಳು ಕುಸಿದವು. ಕೆಲವು ಸಂದೇಶಗಳಿಗೆ ನಾಳವು ಬಿಗಿಯುವುದು ಕುಂದಿತು, ಮತ್ತೆ ಕೆಲವಕ್ಕೆ ಎಂದಿನಂತೆಯೇ ಬಿಗಿಯಿತು. ಇಡೀ ಪೊರೆಯ ಹರಿವೇ ಕಾರಣವಾಗಿದ್ದರೆ ಈ ಪಕ್ಷಪಾತವೆಲ್ಲಿಂದ ಬಂತು? ಕೊಲೆಸ್ಟರಾಲನ್ನು ಹೀರಲು ಬಳಸಿದ ದ್ರವ್ಯವೂ ಮೊಂಡು ಆಯುಧವೇ. ಮನೆಯ ಒಂದು ಇಟ್ಟಿಗೆಯ ಪ್ರಯೋಜನವನ್ನು ತಿಳಿಯಲು ಎಲ್ಲ ಗೋಡೆಗಳಿಂದ ಇಟ್ಟಿಗೆ ಕೀಳುವ ಆಯುಧ.

ಈ ತಕ್ಕಡಿಯನ್ನು ಸಿದ್ಧಪಡಿಸಿಕೊಂಡು ಈಗ ಅರಿಶಿನದ ಮೂಟೆಯನ್ನು ಅದರ ಮೇಲಿಡಬಹುದು. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುವುದು. ಒಗ್ಗರಣೆಯಲ್ಲಿ ಎಣ್ಣೆ ಕಾದೊಡನೆ ಹಳದಿಯೆಲ್ಲ ಎಣ್ಣೆಗೇ ಹೋಗುವುದನ್ನು ಕಂಡವರಿಗೆ, ಅದು ಕೋಶವನ್ನು ಮುಟ್ಟಿದಾಗ ಮೊದಲು ಸೇರುವ ಮನೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. 2001ರಲ್ಲಿ ಇಂಗ್ಲೆಂಡಿನ ಎರಡು ಗುಂಪುಗಳು ಅದು ಜಾಲಕದ ಕ್ಯಾಲ್ಸಿಯಂ ಪಂಪನ್ನು ತಡೆಯುತ್ತದೆಂದು ಪ್ರಕಟಿಸಿದವು. ಬರ್ಮಿಂಗ್‌ಹ್ಯಾಮಿನ ಮಿಷೆಲಾಂಜೆಲಿಯ ಗುಂಪು ತಡೆಯ ಪ್ರಮಾಣವನ್ನು ಸುಮಾರು 7ರಿಂದ 15 ಮೈಕ್ರೊಮೋಲಾರ್ ಎಂದು ಅಳೆಯಿತು. ಸೌತಾಂಪ್ಟನ್ನಿನ ಗುಂಪು, 1974ರ ಪ್ರಯೋಗದಲ್ಲಿದ್ದ ಅದೇ ಲೀಯ ಗುಂಪು, ವಿಚಿತ್ರವೊಂದನ್ನು ಕಂಡಿತು: ಎಟಿಪಿಯ ವೆಚ್ಚ ಇಳಿಯಿತು, ಆದರೆ ಜಾಲಕದ ಚೀಲಗಳಲ್ಲಿ ಕ್ಯಾಲ್ಸಿಯಂ ಸಂಗ್ರಹವಾಗುವ ವೇಗ ಏರಿತು. ಎತ್ತುಗಳು ನಿಧಾನವಾದರೂ ತೊಟ್ಟಿ ಬೇಗ ತುಂಬಿತೆಂದರೆ, ಬಾನಿಯ ತೂತು ಮುಚ್ಚಿರಬೇಕಷ್ಟೆ, ಸೋರಿಕೆ ಕಡಮೆಯಾಗಿತ್ತು.

ಇಲ್ಲಿ ಪ್ರಶಂಸಕರ ತರ್ಕದೊಳಗಿನ ಒಂದು ಒಡಕನ್ನು ಎತ್ತಿ ತೋರಿಸದೆ ಮುಂದೆ ಹೋಗಲಾರೆ. ಜಾಲಕದ ಪಂಪು ನಿಂತರೆ ಕ್ಯಾಲ್ಸಿಯಂ ಕೋಶದ ಒಳರಸದಲ್ಲಿಯೇ ಉಳಿಯುತ್ತದೆ. ಉಳಿದರೆ ಸ್ನಾಯು ಬಿಗಿಯುತ್ತದೆ, ಸಡಿಲುವುದಿಲ್ಲ. ಅರಿಶಿನವು ಪಂಪನ್ನು ತಡೆಯುತ್ತದೆಂಬ ಕೀರ್ತಿಯನ್ನೂ ನಾಳವನ್ನು ಸಡಿಲಿಸುತ್ತದೆಂಬ ಕೀರ್ತಿಯನ್ನೂ ಒಂದೇ ಉಸಿರಿನಲ್ಲಿ ಹಾಡುವವರು, ಒಂದು ಹಾರವನ್ನು ಎರಡು ಕೊರಳಿಗೆ ಏಕಕಾಲದಲ್ಲಿ ಹಾಕುತ್ತಿದ್ದಾರೆ. ತೂಬುಗಳೂ ಮುಚ್ಚಿದವು, ನಾಳದ ಒಳಪದರದಿಂದ ಬೇರೆ ಸಂದೇಶವೂ ಬಂತು ಎಂದು ಸಮನ್ವಯ ಮಾಡಬಹುದು, ಮಾಡುತ್ತಾರೆ. ಆದರೆ ಪ್ರತಿಯೊಂದು ತೊಡಕಿಗೂ ಹೊಸದೊಂದು ಪ್ರೋಟೀನನ್ನು ಕರೆತಂದು, ಅರಿಶಿನಕ್ಕೆ ಅದರ ಪರಿಚಯವೂ ಇದೆಯೆನ್ನುತ್ತ ಹೋದರೆ, ಕೊನೆಗೆ ಆ ದ್ರವ್ಯಕ್ಕೆ ಪರಿಚಯವಿಲ್ಲದ ಪ್ರೋಟೀನೇ ಉಳಿಯದು. ಊರಿನಲ್ಲೆಲ್ಲರ ಮನೆಯ ನೆಂಟನೆಂದು ಹೇಳಿಕೊಳ್ಳುವವನು ಯಾರ ನೆಂಟನೂ ಅಲ್ಲದಿರುವ ಸಂಭವವೇ ಹೆಚ್ಚು.

2014ರಲ್ಲಿ ಇಂಗೋಲ್ಫ್‌ಸನ್, ಆಂಡರ್ಸನ್ ಮತ್ತಿತರರು ನಡೆಸಿದ ಪರೀಕ್ಷೆಯನ್ನು ಈ ಕಾರಣದಿಂದಲೇ ನಾನು ಬಹುವಾಗಿ ಮೆಚ್ಚುತ್ತೇನೆ. ಮೆಣಸಿನಕಾಯಿಯ ಖಾರದ್ರವ್ಯ, ಅರಿಶಿನದ ಕರ್ಕ್ಯುಮಿನ್, ಹಸುರು ಚಹದ, ಸೋಯದ, ದ್ರಾಕ್ಷಿಯ ಒಂದೊಂದು ಸಾರ, ಹೀಗೆ ಲೋಕಪ್ರಸಿದ್ಧವಾದ ಐದು ಸಸ್ಯದ್ರವ್ಯಗಳನ್ನು ಅವರು ಮೊದಲು ಪರೀಕ್ಷಿಸಿದ್ದು ಬರಿಯ ಮೇದಸ್ಸಿನ ಪೊರೆಯಲ್ಲಿ, ಗ್ರಾಮಿಸಿಡಿನ್ ಎಂಬ ಕಿರಿದಾದ ಕೊಳವೆಯೊಂದನ್ನು ಸಾಕ್ಷಿಯಾಗಿಟ್ಟುಕೊಂಡು. ಪೊರೆಯ ಎರಡು ಪದರಗಳಿಂದ ಅರ್ಧರ್ಧ ಬಂದು ಕೂಡಿದರೆ ಮಾತ್ರ ಅದು ಕೊಳವೆ. ಪೊರೆಯು ಮಣಿದರೆ ಹೆಚ್ಚು ಹೊತ್ತು ಕೂಡಿರುತ್ತದೆ, ಬಿಗಿದರೆ ಬೇಗ ಅಗಲುತ್ತದೆ. ಐದೂ ದ್ರವ್ಯಗಳು ಪೊರೆಯನ್ನೇ ಬದಲಿಸಿದವು. ಅನಂತರ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಪೊರೆಯ ಪ್ರೋಟೀನುಗಳ ಮೇಲೆ ಪ್ರಯೋಗಿಸಿದಾಗ, ಪೊರೆ ಬದಲಾಗುವ ಪ್ರಮಾಣದಲ್ಲಿಯೇ ಆ ಪ್ರೋಟೀನುಗಳ ವರ್ತನೆಯೂ ಬದಲಾಯಿತು. ಅದಕ್ಕೆ ಮುನ್ನವೇ, 2008ರಲ್ಲಿ, ಟೆಕ್ಸಸಿನ ಹ್ವಾಂಗನ ಪ್ರಯೋಗಶಾಲೆಯವರು ಕರ್ಕ್ಯುಮಿನ್ ಪೊರೆಯನ್ನು ತೆಳ್ಳಗಾಗಿಸುತ್ತದೆಂದು ಅಳೆದಿದ್ದರು. ಪೊರೆಯ ದಪ್ಪ ತನಗೆ ಒಗ್ಗುವ ಅಳತೆಯಿಂದ ಅತ್ತಿತ್ತಾದರೆ ಕ್ಯಾಲ್ಸಿಯಂ ಪಂಪು ಕುಂಟುವುದೆಂಬುದು ಲೀಯ ಗುಂಪಿನವರ ಹಳೆಯ ಪಾಠ. ಎರಡನ್ನೂ ಕೂಡಿಸಿ ಓದಿದರೆ, 2001ರ ತಡೆಯಲ್ಲಿ ಪಂಪನ್ನು ಮುಟ್ಟಿದ ಕೈಯೆಷ್ಟು, ನೆಲವನ್ನು ಕದಲಿಸಿದ ಕಾಲೆಷ್ಟು ಎಂಬ ಪ್ರಶ್ನೆ ಏಳದಿರದು. ಬರ್ಮಿಂಗ್‌ಹ್ಯಾಮಿನವರು ಪಂಪಿನ ಅಂಗಾಂಗಗಳ ಹೊಂದಾಣಿಕೆಯಲ್ಲಿ ಕಾರಣವನ್ನು ಹುಡುಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೆಲದ ಪಾಲನ್ನು ಕಳೆದ ಮೇಲೆ ಉಳಿಯುವುದಕ್ಕೆ ಮಾತ್ರ ಅರಿಶಿನ ಹಕ್ಕುದಾರ.

ಇನ್ನು ಪ್ರಮಾಣದ ಮಾತು. ಇಲ್ಲಿ ಸಾಕ್ಷಿ ನಮ್ಮ ನಾಡಿನದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ನುಂಗಿದ ಸ್ವಯಂಸೇವಕರ ರಕ್ತದಲ್ಲಿ ಅದು ಕಂಡೂ ಕಾಣದಷ್ಟು ಇತ್ತು. ಕರಿಮೆಣಸಿನ ಸಾರವಾದ ಪಿಪರಿನನ್ನು ಇಪ್ಪತ್ತು ಮಿಲಿಗ್ರಾಂ ಕೂಡಿಸಿ ಕೊಟ್ಟಾಗ ದೇಹಕ್ಕೆ ದಕ್ಕಿದ ಪಾಲು ಶೇಕಡಾ 2000ದಷ್ಟು ಹೆಚ್ಚಿತು. ಹಾಲಿಗೆ ಅರಿಶಿನದೊಡನೆ ಮೆಣಸನ್ನೂ ಕುಟ್ಟಿ ಹಾಕುತ್ತಿದ್ದ ಅಜ್ಜಿಯರಿಗೆ ಇದರಿಂದ ಸಂದ ಗೌರವ ಅಲ್ಪವಲ್ಲ. ಪ್ರಾಮಾಣಿಕವಾಗಿ ಬರೆದ, ಉಪಯುಕ್ತವಾದ ಲೇಖನ. ಆದರೆ ಜಗತ್ತಿನ ಗುಳಿಗೆವ್ಯಾಪಾರವೆಲ್ಲ ಆ 2000ದ ಸಂಖ್ಯೆಯನ್ನು ಹಣೆಗೆ ಬರೆದುಕೊಂಡು, ಅದು ಯಾವುದರ ಇಪ್ಪತ್ತು ಮಡಿಯೆಂಬುದನ್ನು ಓದದೆ ಬಿಟ್ಟಿದೆ. ಮೆಣಸಿನ ನೆರವಿನಿಂದ ಏರಿದ ಶಿಖರದ ಮಟ್ಟವೂ ಒಂದು ಮೈಕ್ರೊಮೋಲಾರನ್ನು ಮುಟ್ಟುವುದಿಲ್ಲ. ಪಂಪನ್ನು ತಡೆಯಲು ಬೇಕಾದದ್ದು ಏಳರಿಂದ ಹದಿನೈದು. ಎರಡು ಗ್ರಾಂ ಕರ್ಕ್ಯುಮಿನ್ನೆಂದರೆ, ನೂರಕ್ಕೆ ಮೂರರಿಂದ ಐದು ಪಾಲು ಅದಿರುವ ಪುಡಿಯ ಲೆಕ್ಕದಲ್ಲಿ, ನಲವತ್ತರಿಂದ ಅರುವತ್ತೇಳು ಗ್ರಾಂ ಅರಿಶಿನ. ಸಾರಿಗೆ ಚಿಟಿಕೆ ಹಾಕುವ ಮನೆಯಲ್ಲಿ ಅದು ವಾರಗಟ್ಟಲೆಯ ಖರ್ಚು. ಇದರ ಮೇಲೆ ಇನ್ನೊಂದು ವಿಘ್ನ: ದೇಹದ ಉಷ್ಣತೆಯಲ್ಲಿ, ಪಿಎಚ್ 7.2ರ ಸಾದಾ ದ್ರಾವಣದಲ್ಲಿಟ್ಟರೆ ಕರ್ಕ್ಯುಮಿನ್ನಿನ ಸುಮಾರು ಶೇಕಡಾ 90 ಭಾಗ ಅರ್ಧ ಗಂಟೆಯೊಳಗೆ ಒಡೆದುಹೋಗುತ್ತದೆಂದು 1997ರಲ್ಲಿಯೇ ಅಳೆದಿದ್ದಾರೆ. ಹಾಗಾದರೆ ಗಂಟೆಗಟ್ಟಲೆ ನಡೆದ ಕೋಶಪ್ರಯೋಗಗಳಲ್ಲಿ ದುಡಿದದ್ದು ಕರ್ಕ್ಯುಮಿನ್ನೋ ಅದರ ಚೂರುಗಳೋ?

ಕರುಳಿನ ಸಂಗತಿ ಸ್ವಲ್ಪ ಭಿನ್ನ. ರಕ್ತಕ್ಕೆ ಹೋಗದೆ ಉಳಿದ ಅರಿಶಿನವೆಲ್ಲ ಕರುಳಿನ ನಾಳದಲ್ಲಿಯೇ ಇರುವುದರಿಂದ ಅಲ್ಲಿ ಸಾಂದ್ರತೆ ಹೆಚ್ಚು. ಆದರೆ ಕರುಳಿನ ಸ್ನಾಯುವಿರುವುದು ಒಳಪೊರೆಯ ಹಿಂದೆ. ಅಂಗಳ ತುಂಬ ನೆಂಟರಿದ್ದರೂ ಅಡುಗೆಮನೆಗೆ ಬಂದವರೆಷ್ಟು ಮಂದಿ ಎಂಬುದೇ ಪ್ರಶ್ನೆ.

ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಈ ಗದ್ದಲದ ನಡುವೆ ಬೇರೊಂದು ದಾರಿ ಹಿಡಿದರು. ಇಲಿಗಳಿಗೆ ಕೊಲೆಸ್ಟರಾಲನ್ನು ಉಣಿಸಿ, ಅವುಗಳ ಕೆಂಪು ರಕ್ತಕಣದ ಪೊರೆಯಲ್ಲಿ ಕೊಲೆಸ್ಟರಾಲ್ ಫಾಸ್ಫೊಲಿಪಿಡ್‌ಗಳ ಅನುಪಾತ ಕೆಡುವುದನ್ನೂ ಕಣಗಳ ಆಕಾರ ವಿಕೃತವಾಗುವುದನ್ನೂ ತೋರಿಸಿ, ಆಹಾರದಲ್ಲಿ ವಾರಗಟ್ಟಲೆ ಕರ್ಕ್ಯುಮಿನ್ ಬೆರೆಸಿದಾಗ ಆ ಕೇಡು ಬಹಳಮಟ್ಟಿಗೆ ತಗ್ಗಿತೆಂದು ಅವರು ಕಂಡರು. ಇಲ್ಲಿ ಅರಿಶಿನವು ಪಂಪಿನ ಮೇಲೆ ಕೈಯಿಟ್ಟಿತೆಂಬ ವಾದವಿಲ್ಲ; ದೇಹದ ಕೊಬ್ಬಿನ ವ್ಯವಹಾರವೇ ತಿದ್ದಿಕೊಂಡು, ಅದರ ಫಲವಾಗಿ ಪೊರೆ ತಿದ್ದಿಕೊಂಡಿತು. ನೆಲವನ್ನು ಹದಮಾಡುವ ಈ ನಿಧಾನದ ದಾರಿಯು ನನಗೆ ಗುಳಿಗೆಯ ಪವಾಡಕ್ಕಿಂತ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಆದರೂ ಇಲಿಯ ರಕ್ತಕಣವು ಮನುಷ್ಯನ ನಾಳದ ಸ್ನಾಯುವಲ್ಲ. ಲೂವೆನ್ನಿನವರಿಗೆ ಕೊಟ್ಟ ಅಂಕವನ್ನು ನೆರೆಯೂರಿನವರೆಂಬ ಅಭಿಮಾನದಿಂದ ಮೈಸೂರಿನವರಿಗೆ ಕೊಡಲಾರೆ. ರೋಗಿಗಳ ಮೇಲಿನ ಪರೀಕ್ಷೆಗಳ ಬಗ್ಗೆ ಹೆಚ್ಚು ಬರೆಯುವಂಥದಿಲ್ಲ: 2017ರಲ್ಲಿ ಅಮೆರಿಕದ ಮಿನ್ನೆಸೋಟದ ನೆಲ್ಸನ್ ಮತ್ತು ಸಂಗಡಿಗರು ಇಡೀ ಸಾಹಿತ್ಯವನ್ನು ಜಾಲಾಡಿ, ಕರ್ಕ್ಯುಮಿನ್ನಿನ ನೂರಿಪ್ಪತ್ತಕ್ಕೂ ಹೆಚ್ಚು ವೈದ್ಯಕೀಯ ಪರೀಕ್ಷೆಗಳಾಗಿದ್ದರೂ, ಕೊಟ್ಟವರಿಗೂ ಕೊಂಡವರಿಗೂ ಗೊತ್ತಿಲ್ಲದಂತೆ ಹುಸಿಗುಳಿಗೆಯೊಡನೆ ಹೋಲಿಸಿ ನಡೆಸಿದವುಗಳಲ್ಲಿ ಒಂದೂ ಗೆದ್ದಿಲ್ಲವೆಂದು ಬರೆದರು. ಕಟುವಾದ ತೀರ್ಪು, ಕಟುವಾಯಿತೆಂದು ಮುನಿದವರೂ ಉಂಟು.

ಇನ್ನು ಹೊರಟ ಊರಿಗೆ ಮರಳಿದರೆ, ಹರದನಹಳ್ಳಿಯ ಕೃಷಿ ಫಾರಂ ಬೆಳೆದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರವು ಈ ಸೀಮೆಯ ಬೆಳೆಗಾರನಿಗೆ ಸಲಹೆ ಕೊಡುತ್ತದೆ. ಅದೇ ವಿಶ್ವವಿದ್ಯಾನಿಲಯದ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವೂ ಇದೆ. ಅಲ್ಲಿ ರಘು ಪಡಿಂಜಾಟ್ ಅವರ ಪ್ರಯೋಗಶಾಲೆ ಇನಾಸಿಟಾಲಿನ ಆ ವಿರಳ ಮೇದಸ್ಸುಗಳನ್ನು ಹಣ್ಣುನೊಣದ ಕಣ್ಣಿನಲ್ಲಿ ಹಿಂಬಾಲಿಸುತ್ತ ಬಂದಿದೆ, ಗೈತಿ ಹಸನ್ ಅವರದು ಕೋಶದೊಳಗಿನ ಕ್ಯಾಲ್ಸಿಯಮ್ಮಿನ ತೂಬುಗಳನ್ನು. ಒಂದೇ ವಿಶ್ವವಿದ್ಯಾನಿಲಯ ಆಶ್ರಯ ಕೊಟ್ಟ ಎರಡು ನೆಲಗಳು. ಒಂದರಲ್ಲಿ ಅರಿಶಿನದ ಮಾತು, ಇನ್ನೊಂದರಲ್ಲಿ ಪೊರೆಯ ಮಾತು. ಎರಡರ ನಡುವೆ ಬಂಡಿಯ ಜಾಡು ಇನ್ನೂ ಮೂಡಿಲ್ಲವೆಂಬುದನ್ನು ಕಂಡು ನನಗೆ ಅಸಮಾಧಾನವೇನೂ ಇಲ್ಲ. ನೊಣದ ಕಣ್ಣಿನಿಂದ ಮನುಷ್ಯನ ಅಪಧಮನಿಗೆ ಹಾರುವ ಆತುರವೇ ಗುಳಿಗೆಗಳನ್ನು ಹುಟ್ಟಿಸಿದ್ದು.

ಆದರೂ ಯಾವ ಪ್ರಯೋಗವನ್ನು ಕಂಡರೆ ನಂಬುವೆಯೆಂದು ಕೇಳಿದರೆ ಉತ್ತರ ಕೊಡಬೇಕಾದದ್ದು ವಿಮರ್ಶಕನ ಋಣ. ಮೊಲದ ತೊಡೆಯ ಪಂಪು ಬೇಡ. ಮನುಷ್ಯನ ಸಣ್ಣ ಅಪಧಮನಿಯ ಒಂದು ಉಂಗುರವೂ ಅದರದೇ ಉದ್ದಬಾಲದ ಪಂಪೂ ಇರಲಿ. ಹದಿನೈದು ಮೈಕ್ರೊಮೋಲಾರ್ ಬೇಡ. ಬೆಂಗಳೂರಿನವರು ರಕ್ತದಲ್ಲಿ ಕಂಡಷ್ಟೇ ಅರಿಶಿನವಿರಲಿ, ಅದು ಒಡೆದುಹೋಗುವ ಮುನ್ನ ಅಳೆಯುವ ವೇಗವೂ ಇರಲಿ. ಗ್ರಾಮಿಸಿಡಿನ್ನಿನ ಕೊಳವೆಯು ಪಕ್ಕದಲ್ಲಿ ಸಾಕ್ಷಿಯಾಗಿ ನಿಂತು ಪೊರೆ ಎಷ್ಟು ಕದಲಿತೆಂಬುದನ್ನು ಹೇಳುತ್ತಿರಲಿ. ಕೊನೆಯದಾಗಿ, ಅದೇ ಸಾಲಿನಲ್ಲಿ, ಪೊರೆಯನ್ನು ಅಷ್ಟೇ ಕದಲಿಸುವಂತೆ ತೆಳುಮಾಡಿದ ಸಾಬೂನಿನಂಥ ದ್ರವ್ಯದ ಇನ್ನೊಂದು ಬಟ್ಟಲನ್ನು ಇಡತಕ್ಕದ್ದು. ಯಾವ ಪಂಪಿನ ಗುರುತೂ ಇಲ್ಲದ ಅದು ಕೂಡ ಉಂಗುರವನ್ನು ಅರಿಶಿನದಷ್ಟೇ ಸಡಿಲಿಸಿತೋ ಇಲ್ಲವೋ ಎಂಬುದನ್ನು, ಗುಳಿಗೆಯ ಸೀಸೆಯ ಮೇಲೆ ಏನು ಬರೆಯಬೇಕೆಂದು ನಿಶ್ಚಯಿಸುವುದಕ್ಕೆ ಮೊದಲು, ನೋಡಿಕೊಳ್ಳಬೇಕು.